ಕಾಗದದ ಮೇಲಿನ ಈಮಾನು

ಸಾದತ್ ಹಸನ್ ಮಂಟೋ ಬರೆಯಲು ಕೂತಾಗ ಹಾಳೆಯ ನೆತ್ತಿಯಲ್ಲಿ ಮೊದಲು ಮೂಡುತ್ತಿದ್ದದ್ದು ಕತೆಯ ಹೆಸರಲ್ಲ, 786 ಎಂಬ ಅಂಕಿ. 'ಬಿಸ್ಮಿಲ್ಲಾ' ಎಂದು ಮೊದಲಾಗುವ ವಾಕ್ಯದ ಒಂದೊಂದು ಅಕ್ಷರಕ್ಕೂ ಅರಬ್ಬಿ ಎಣಿಕೆಯಂತೆ ಬೆಲೆ ಕೊಟ್ಟು ಕೂಡಿಸಿದರೆ ಬರುವ ಮೊತ್ತವದು. ನಮ್ಮ ಹಿರಿಯರು ಕಾಗದ ಬರೆಯುವಾಗ ಮೇಲೊಂದು 'ಶ್ರೀ' ಹಾಕದೆ ಮೊದಲ ಸಾಲಿಗೆ ಇಳಿಯುತ್ತಿರಲಿಲ್ಲವಲ್ಲ, ಅಂಥದೇ ರೂಢಿ. ರೂಢಿ ಅಂದಮೇಲೆ ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ ಎಂದು ಬಿಡಬಹುದಿತ್ತು. ಆದರೆ ಮಂಟೋ ಬಿಡಲಿಲ್ಲ. ತನ್ನನ್ನೇ ಬೇರೊಬ್ಬನೆಂಬಂತೆ ದೂರ ನಿಲ್ಲಿಸಿಕೊಂಡು ಬರೆದ ಒಂದು ಲೇಖನದಲ್ಲಿ ಈ ಅಂಕಿಯ ಮಾತೆತ್ತಿ, ದೇವರನ್ನು ಎಷ್ಟೋ ಸಲ ಅಲ್ಲಗಳೆಯುವ ಈ ಮನುಷ್ಯ ಕಾಗದದ ಮೇಲೆ ಮೋಮಿನ್ ಆಗಿಬಿಡುತ್ತಾನೆ ಎಂಬರ್ಥದ ಮಾತು ಹೇಳಿದ. ಮೋಮಿನ್ ಎಂದರೆ ನಂಬಿದವನು, ಈಮಾನು ಉಳ್ಳವನು. ಈ ಮಾತನ್ನು ಚಮತ್ಕಾರವೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ನನಗೆ ಮಾತ್ರ ಮಂಟೋನ ಇಡೀ ಬದುಕಿನ ಕೀಲಿ ಅಲ್ಲಿದೆ ಅನ್ನಿಸುತ್ತದೆ. ಮಸೀದಿಯಲ್ಲಿ ಇಲ್ಲದ, ಮಾತಿನಲ್ಲಿ ಇಲ್ಲದ, ಕಾಗದದ ಮೇಲೆ ಮಾತ್ರ ಇರುವ ನಂಬಿಕೆಯನ್ನು ನಂಬಿಕೆ ಎನ್ನಬಹುದೇ? ಎನ್ನಬಹುದಾದರೆ ಅದು ಯಾವುದರ ಮೇಲಿನ ನಂಬಿಕೆ?

ರಾಜಿಯಾಗದ ಲೇಖಕ ಎಂದಾಗ ಉಪಖಂಡದ ಓದುಗರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ಮಂಟೋನದೂ ಒಂದು. 1912ರ ಮೇ 11ರಂದು ಪಂಜಾಬಿನ ಸಮರಾಲದಲ್ಲಿ ಹುಟ್ಟು, ಅಮೃತಸರದಲ್ಲಿ ಬೆಳವಣಿಗೆ, ಮುಂಬಯಿಯಲ್ಲಿ ಪತ್ರಿಕೆ ಮತ್ತು ಸಿನಿಮಾ, ನಡುವೆ ದೆಹಲಿಯ ರೇಡಿಯೋ, 1948ರ ಜನವರಿಯಲ್ಲಿ ಲಾಹೋರಿಗೆ ವಲಸೆ, 1955ರ ಜನವರಿ 18ರಂದು 42ನೆಯ ವಯಸ್ಸಿನಲ್ಲಿ ಸಾವು. ನಡುವೆ ಅಶ್ಲೀಲತೆಯ ಆರು ಮೊಕದ್ದಮೆಗಳು, ಮೂರು ಬ್ರಿಟಿಷರ ಕಾಲದಲ್ಲಿ, ಮೂರು ಪಾಕಿಸ್ತಾನದಲ್ಲಿ. ಬಡತನ, ಕುಡಿತ, ಎರಡು ಸಲ ಹುಚ್ಚಾಸ್ಪತ್ರೆ. ಇದನ್ನೆಲ್ಲ ಒಟ್ಟು ಮಾಡಿ ನಾವು ಒಂದು ಚಿತ್ರ ಬರೆದಿಟ್ಟುಕೊಂಡಿದ್ದೇವೆ: ಲೋಕದ ಎದುರು ತೊಡೆ ತಟ್ಟಿ ನಿಂತ ಹಠವಾದಿ, ತನ್ನನ್ನು ಬಿಟ್ಟು ಇನ್ನಾರಿಗೂ ಬಾಗದವನು. ಈ ಚಿತ್ರ ತಪ್ಪು ಎಂಬುದು ನನ್ನ ವಾದ. ಮಂಟೋ ಬಾಗದೆ ನಿಂತದ್ದು ತನ್ನ ಅಹಂಕಾರದ ಬಲದಿಂದಲ್ಲ, ಸಾಕ್ಷಿ ಹೇಳಲು ನಿಂತವನ ಕರ್ತವ್ಯದಿಂದ. ಆ ಕರ್ತವ್ಯ ಧಾರ್ಮಿಕ ಸ್ವರೂಪದ್ದು. ಅರಬ್ಬಿಯಿಂದ ಉರ್ದುವಿಗೆ ಬಂದ 'ಶಹಾದತ್' ಎಂಬ ಪದಕ್ಕೆ ಸಾಕ್ಷ್ಯ ಎಂದೂ ಅರ್ಥ, ಪ್ರಾಣಾರ್ಪಣೆ ಎಂದೂ ಅರ್ಥ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಮೊದಲನೆಯದಾದ ಕಲಿಮಾ ಕೂಡ ಸ್ವರೂಪದಲ್ಲಿ ಸಾಕ್ಷಿನುಡಿಯೇ. 'ನಾನು ನಂಬುತ್ತೇನೆ' ಎಂದಲ್ಲ, 'ನಾನು ಸಾಕ್ಷಿ ನುಡಿಯುತ್ತೇನೆ' ಎಂದು ಅದರ ಆರಂಭ. ಖುರಾನಿನ ನಾಲ್ಕನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ನ್ಯಾಯಕ್ಕಾಗಿ ಸಾಕ್ಷಿ ಹೇಳಬೇಕಾಗಿ ಬಂದಾಗ ಅದು ನಿಮಗೇ ವಿರುದ್ಧವಾದರೂ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಹೇಳಲೇಬೇಕು ಎಂಬ ಆಜ್ಞೆ ಅಲ್ಲಿದೆ. ಮಂಟೋನನ್ನು ಈ ಆಜ್ಞೆಯ ಬೆಳಕಿನಲ್ಲಿ ಓದಿದರೆ ಚೆಲ್ಲಾಪಿಲ್ಲಿಯಾಗಿ ಕಾಣುವ ಅವನ ಬದುಕಿಗೂ ಬರಹಕ್ಕೂ ಒಂದು ಹುರಿ ಸಿಗುತ್ತದೆ.

ಈ ಸಾಕ್ಷಿಯ ಸ್ಥಾನವನ್ನು ಮಂಟೋ ತಾನೇ ಕಂಡುಕೊಂಡವನಲ್ಲ, ಕಲಿತವನು. ಅಮೃತಸರದಲ್ಲಿ ಓದಿನಲ್ಲಿ ಹಿಂದೆ ಬಿದ್ದು, ಜೂಜಿನ ಅಡ್ಡೆಗಳಲ್ಲಿ ಅಲೆಯುತ್ತಿದ್ದ ಹುಡುಗನನ್ನು ಹಿಡಿದು ನಿಲ್ಲಿಸಿದವರು ಪತ್ರಕರ್ತ ಅಬ್ದುಲ್ ಬಾರಿ. ಅವರು ಅವನ ಕೈಗೆ ಕೊಡಿಸಿದ ಪುಸ್ತಕಗಳಲ್ಲಿ ಒಂದು ವಿಕ್ಟರ್ ಹ್ಯೂಗೋ 1829ರಲ್ಲಿ ಪ್ರಕಟಿಸಿದ, ಮರಣದಂಡನೆಗೆ ಗುರಿಯಾದವನೊಬ್ಬನ ಕೊನೆಯ ದಿನದ ಕಥನ. ಮಂಟೋ ಅದನ್ನು ಉರ್ದುವಿಗೆ ತಂದ. 1933ರಲ್ಲಿ 'ಸರ್‌ಗುಜಶ್ತ್-ಎ-ಅಸೀರ್' ಎಂಬ ಹೆಸರಿನಲ್ಲಿ ಅದು ಅಚ್ಚಾದಾಗ ಅವನಿಗೆ ಇಪ್ಪತ್ತೊಂದು. ಈ ಅನುವಾದವನ್ನು ಮಂಟೋನ ಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟುತ್ತಾರೆ. ಅಲ್ಲಿ ನಿಂತು ನೋಡಬೇಕು. ಹ್ಯೂಗೋನ ಆ ಕೃತಿಯಲ್ಲಿ ಸಾಯಲಿರುವವನು ತನ್ನ ಭಯ, ಜೈಲಿನ ಗೋಡೆ, ಕಿಟಕಿಯ ಬೆಳಕು, ತನ್ನ ಪುಟ್ಟ ಮಗಳು, ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಆದರೆ ಅವನು ಮಾಡಿದ ಅಪರಾಧವೇನು ಎಂಬುದು ಮಾತ್ರ ನಮಗೆ ಕೊನೆಯವರೆಗೂ ತಿಳಿಯುವುದಿಲ್ಲ. 'ನನ್ನ ಕತೆ' ಎಂಬ ತಲೆಬರಹದ ಅಧ್ಯಾಯ ಬರುತ್ತದೆ, ಅದರಲ್ಲಿ ಕತೆಯೇ ಇಲ್ಲ. ಆ ಹಾಳೆಗಳು ಸಿಗಲಿಲ್ಲ ಎಂಬ ಟಿಪ್ಪಣಿ ಇದೆ. ತೀರ್ಪು ಕೊಡಲು ಬೇಕಾದ ಒಂದೇ ಒಂದು ಸಂಗತಿಯನ್ನು ಹ್ಯೂಗೋ ಬೇಕೆಂದೇ ಕಿತ್ತುಹಾಕಿದ್ದಾನೆ. ಆಗ ಓದುಗನ ಪಾಲಿಗೆ ಉಳಿಯುವುದು ಬರಿಯ ಮನುಷ್ಯ. ಇಪ್ಪತ್ತೊಂದರ ಹುಡುಗ ಈ ಪುಸ್ತಕವನ್ನು ಓದಿದ್ದಷ್ಟೇ ಅಲ್ಲ, ವಾಕ್ಯ ವಾಕ್ಯವಾಗಿ ತನ್ನ ಭಾಷೆಯಲ್ಲಿ ಮತ್ತೆ ಕಟ್ಟಿದ. ಮುಂದೆ ಅವನು ಸುಗಂಧಿಯಂಥ ವೇಶ್ಯೆಯನ್ನು, ಬಾಬು ಗೋಪಿನಾಥನಂಥ ವಿಲಾಸಿಯನ್ನು, ಅವರನ್ನು ಸುತ್ತಿಕೊಂಡ ತಲೆಹಿಡುಕರನ್ನು ನೋಡಿದ ಬಗೆಯಲ್ಲಿ ಆ ಕಿತ್ತುಹೋದ ಹಾಳೆಯ ಪಾಠವಿದೆ. ಇವರು ಹೀಗೇಕಾದರು ಎಂಬ ಪಂಚಾಯಿತಿಯನ್ನು ಅವನು ಹೂಡುವುದೇ ಇಲ್ಲ.

ರಷ್ಯದವರು ಬಂದದ್ದು ಅದರ ಬೆನ್ನಿಗೇ. ಆ ದಶಕದ ನಡುವಿನಲ್ಲಿ ಮಂಟೋ ರಷ್ಯನ್ ಕತೆಗಳನ್ನು ಅನುವಾದಿಸಿದ, ಉರ್ದು ಪತ್ರಿಕೆಗಳಿಗೆ ರಷ್ಯನ್ ಮತ್ತು ಫ್ರೆಂಚ್ ಸಾಹಿತ್ಯದ ವಿಶೇಷ ಸಂಚಿಕೆಗಳನ್ನು ಸಿದ್ಧಮಾಡಿದ, ಗೋರ್ಕಿಯನ್ನು ಕುರಿತು ಬರೆದ. ಗೋರ್ಕಿ ಅವನಿಗೆ ಬೀದಿಯ ಜನರನ್ನು ತೋರಿಸಿದರೆ, ಮೋಪಾಸಾ ಕತೆಯನ್ನು ಎಲ್ಲಿ ತುಂಡರಿಸಬೇಕು ಎಂಬುದನ್ನು ತೋರಿಸಿದ. ಚೆಕಾಫನಿಂದ ಬಂದದ್ದು ಇವೆರಡಕ್ಕಿಂತ ಆಳದ್ದು. 1888ರಲ್ಲಿ ತನ್ನ ಪ್ರಕಾಶಕ ಸುವೋರಿನ್‌ಗೆ ಬರೆದ ಪತ್ರವೊಂದರಲ್ಲಿ ಚೆಕಾಫ್, ಕಲಾವಿದ ತನ್ನ ಪಾತ್ರಗಳ ನ್ಯಾಯಾಧೀಶನಾಗಬಾರದು, ಪಕ್ಷಪಾತವಿಲ್ಲದ ಸಾಕ್ಷಿಯಾಗಿರಬೇಕು ಎಂಬ ನಿಲುವನ್ನು ಹೇಳಿದ್ದಾನೆ. ಮಂಟೋ ಆ ಪತ್ರವನ್ನು ಓದಿದ್ದನೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ. ಆ ನಿಲುವು ಚೆಕಾಫನ ಕತೆಗಳಲ್ಲೇ ಇದೆ, ಕತೆಗಳನ್ನು ಮಂಟೋ ಓದಿದ್ದ. ಇಷ್ಟೊಂದು ಪ್ರಭಾವಗಳ ಕೆಳಗೆ ಬೆಳೆದವನನ್ನು ಯಾರಿಗೂ ಬಾಗದವನು ಎನ್ನುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಮ್ಮ ಪರಂಪರೆಯಲ್ಲಿ ಅದಕ್ಕೊಂದು ಉತ್ತರವಿದೆ. ಮನುಷ್ಯ ಹುಟ್ಟುವಾಗಲೇ ಋಷಿಋಣವನ್ನು ಹೊತ್ತು ಹುಟ್ಟುತ್ತಾನೆ, ಅದನ್ನು ತೀರಿಸುವ ಬಗೆ ಅಧ್ಯಯನ ಎನ್ನುತ್ತದೆ ವೈದಿಕ ವಿಚಾರ. ಓದಿನ ಸಾಲ ಹೊತ್ತವನು ಅಧೀನನಲ್ಲ. ಅಧೀನನಾಗುವವನು ಇಂದಿನ ಬಲಶಾಲಿಯ ಬಳಿ ಸಾಲ ಮಾಡಿದವನು. ಮಂಟೋ ಪಾಠ ಹೇಳಿಸಿಕೊಂಡದ್ದು ತನಗೆ ಏನನ್ನೂ ಕೊಡಲಾರದ, ಏನನ್ನೂ ಕೇಳಲಾರದ ದೂರದ ಲೇಖಕರಿಂದ. ಅವರಿಂದ ಅವನು ಪಡೆದದ್ದು ಶೈಲಿಯನ್ನಲ್ಲ, ಕಟಕಟೆಯಲ್ಲಿ ಎಲ್ಲಿ ನಿಲ್ಲಬೇಕು ಎಂಬ ತಿಳಿವನ್ನು. ಆ ಜಾಗ ಸಿಕ್ಕಿದ್ದರಿಂದಲೇ ಅವನಿಗೆ ಸರಕಾರಕ್ಕೆ, ಪಕ್ಷಕ್ಕೆ, ಸಮುದಾಯಕ್ಕೆ ಇಲ್ಲ ಎನ್ನಲು ಸಾಧ್ಯವಾಯಿತು.

ಸಾಕ್ಷಿ ಎಂಬ ಮಾತು ನಮ್ಮ ಕಿವಿಗೆ ಬಿದ್ದಕೂಡಲೇ ವೇದಾಂತದ ಸಾಕ್ಷಿ ನೆನಪಾಗುತ್ತಾನೆ. ಒಂದೇ ಮರದ ಮೇಲೆ ಎರಡು ಹಕ್ಕಿಗಳು, ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ ಎಂಬ ಉಪನಿಷತ್ತಿನ ಚಿತ್ರ ಕನ್ನಡದ ಓದುಗರಿಗೆ ಹೊಸದಲ್ಲ. ನೋಡುವ ಹಕ್ಕಿಗೆ ಏನೂ ತಗಲುವುದಿಲ್ಲ. ಮಂಟೋ ಆ ಹಕ್ಕಿಯಲ್ಲ. ಅವನು ನ್ಯಾಯಾಲಯದ ಸಾಕ್ಷಿ. ಕಂಡದ್ದು ತಗಲಿದ, ಕಂಡದ್ದರ ಭಾರ ಹೊತ್ತು ಬಂದು ನಿಂತ, ಹೇಳಿದರೆ ತನಗೆ ಕೇಡು ಎಂದು ತಿಳಿದೂ ಹೇಳುವವನು. ಈ ವ್ಯತ್ಯಾಸವನ್ನು ಮರೆತರೆ ಅವನ ಕತೆಗಳ ತಣ್ಣನೆಯ ದನಿಯನ್ನು ನಿರ್ಲಿಪ್ತತೆ ಎಂದು ತಪ್ಪಾಗಿ ಓದುತ್ತೇವೆ. ಅಮೃತಸರದಲ್ಲಿ ಜಲಿಯನ್‌ವಾಲಾ ಬಾಗಿನ ಗುಂಡುಗಳು ಹಾರಿದ 1919ರ ಏಪ್ರಿಲ್ 13ರಂದು ಅವನಿಗೆ ಏಳು ತುಂಬಿರಲಿಲ್ಲ. ಅವನ ಮೊದಲ ಕತೆ 'ತಮಾಶಾ' ಆ ದಿನಗಳನ್ನು ಕಾಣುವುದು ಒಬ್ಬ ಚಿಕ್ಕ ಹುಡುಗನ ಕಣ್ಣಿನಿಂದ. ಏನು ನಡೆಯುತ್ತಿದೆ ಎಂದು ಅರ್ಥವಾಗದೆ ನೋಡುವ ಮಗುವಿಗಿಂತ ನಂಬತಕ್ಕ ಸಾಕ್ಷಿ ಇನ್ನಾರು? ಮೊದಲ ಹೆಜ್ಜೆಯಲ್ಲೇ ಅವನು ಆರಿಸಿಕೊಂಡ ಜಾಗ ಅದು.

ಖುರಾನಿನ ಆಜ್ಞೆಯ ಕಠಿಣ ಭಾಗ ತನ್ನವರ ವಿರುದ್ಧ ಸಾಕ್ಷಿ ಹೇಳುವುದು. ದೇಶ ಒಡೆದ ಕಾಲದ ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಮಂಟೋ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ ಎಂಬುದು ಕಾಣುತ್ತದೆ. 'ಖೋಲ್ ದೋ' ಕತೆಯಲ್ಲಿ ಅಮೃತಸರದಿಂದ ರೈಲಿನಲ್ಲಿ ಪ್ರಾಣ ಉಳಿಸಿಕೊಂಡು ಬಂದ ಮುದುಕ ಸಿರಾಜುದ್ದೀನ್ ತನ್ನ ಮಗಳು ಸಕೀನಾಳನ್ನು ಹುಡುಕುತ್ತಾನೆ. ಹುಡುಕಿಕೊಡುತ್ತೇವೆಂದು ಮಾತು ಕೊಟ್ಟವರು ತನ್ನ ಧರ್ಮದವರೇ ಆದ ಸ್ವಯಂಸೇವಕ ಯುವಕರು. ಅವಳನ್ನು ಹಾಳುಮಾಡಿದವರೂ ಅವರೇ. ಗಡಿಯಾಚೆಯ ಶತ್ರುವಿನಿಂದ ಹೇಗೋ ಪಾರಾದವಳು ಗಡಿಯೊಳಗಿನ ಅಣ್ಣತಮ್ಮಂದಿರಿಂದ ಪಾರಾಗಲಿಲ್ಲ. ಹೊಸ ದೇಶ ಹುಟ್ಟಿ ವರ್ಷ ಕಳೆಯುವ ಹೊತ್ತಿಗೆ, ಎಲ್ಲ ಪತ್ರಿಕೆಗಳೂ ಎದುರಿನವರ ಕ್ರೌರ್ಯದ ಲೆಕ್ಕ ಬರೆಯುತ್ತಿದ್ದಾಗ, ಲಾಹೋರಿನಲ್ಲಿ ಕೂತು ಇದನ್ನು ಬರೆಯುವುದೆಂದರೆ ಏನೆಂದು ಯೋಚಿಸಬೇಕು. 'ಠಂಡಾ ಗೋಶ್ತ್' ಇದರ ಇನ್ನೊಂದು ಮಗ್ಗುಲು. ಅಲ್ಲಿನ ಈಶರ್ ಸಿಂಗ್ ಎದುರಿನವರ ಪೈಕಿ. ಮನೆಯೊಂದಕ್ಕೆ ನುಗ್ಗಿ ಆರು ಜನರನ್ನು ಕೊಂದು ಹುಡುಗಿಯೊಬ್ಬಳನ್ನು ಹೊತ್ತು ತಂದವನು. ಆ ಹುಡುಗಿ ಆಗಲೇ ಹೆಣವಾಗಿದ್ದಳು ಎಂದು ತಿಳಿದ ಗಳಿಗೆಯಿಂದ ಅವನ ಮೈಯೇ ಸತ್ತುಹೋಗುತ್ತದೆ. ಕೊಲೆಗಡುಕನ ಒಳಗೆ ಕೊಲ್ಲಲಾಗದೆ ಉಳಿದಿದ್ದ ಯಾವುದೋ ಒಂದು ಅವನನ್ನು ಶಿಕ್ಷಿಸುತ್ತದೆ. ತನ್ನವರಲ್ಲಿ ಪಾಪವನ್ನೂ ಎದುರಿನವರಲ್ಲಿ ಮನುಷ್ಯತ್ವದ ಕಿಡಿಯನ್ನೂ ಕಂಡು ಹೇಳಿದವನ ಮೇಲೆ ಬಿದ್ದ ಆರೋಪ ಅಶ್ಲೀಲತೆ. ಆರೋಪ ಹೊರಿಸಿದವರನ್ನು ನಿಜವಾಗಿ ನೋಯಿಸಿದ್ದು ಅದೇ ಎಂದು ನಾನು ನಂಬಲಾರೆ.

'ಠಂಡಾ ಗೋಶ್ತ್' ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯ 1950ರಲ್ಲಿ ಮೂರು ತಿಂಗಳ ಕಠಿಣ ಸಜೆ ಮತ್ತು 300 ರೂಪಾಯಿ ದಂಡ ವಿಧಿಸಿತು. ಸೆಷನ್ಸ್ ನ್ಯಾಯಾಲಯ ಬಿಡುಗಡೆ ಮಾಡಿತು. ಸರಕಾರ ಮೇಲೆ ಹೋಗಿ ಹೈಕೋರ್ಟಿನಲ್ಲಿ ಮತ್ತೆ 300 ರೂಪಾಯಿ ದಂಡ ಹಾಕಿಸಿತು. ಬ್ರಿಟಿಷರು 1860ರಲ್ಲಿ ಮಾಡಿಟ್ಟ ದಂಡಸಂಹಿತೆಯ 292ನೆಯ ಕಲಮು 'ಕಾಲಿ ಸಲ್ವಾರ್', 'ಬೂ' ಕತೆಗಳ ಮೇಲೆ ಎರಗಿದಂತೆಯೇ ಸ್ವತಂತ್ರ ದೇಶದಲ್ಲೂ ಎರಗಿತು. ನ್ಯಾಯಾಂಗ ಇಲಾಖೆಯಲ್ಲಿದ್ದ ತಂದೆಯ ಮಗ ಹೀಗೆ ಬದುಕಿನುದ್ದಕ್ಕೂ ಕಟಕಟೆ ಹತ್ತಿದ. ಆದರೆ ಮಂಟೋನನ್ನು ಹೆಚ್ಚು ನೋಯಿಸಿದ್ದು ದಂಡವಲ್ಲ, ಗೆಳೆಯರ ಸಾಕ್ಷ್ಯ. ಅವನ ಪರವಾಗಿ ಬಂದ ಕವಿ ಫೈಜ್ ಅಹಮದ್ ಫೈಜ್, ಕತೆ ಅಶ್ಲೀಲವಲ್ಲ, ಆದರೆ ಸಾಹಿತ್ಯದ ಉನ್ನತ ಮಟ್ಟವನ್ನು ಮುಟ್ಟಿಲ್ಲ ಎಂಬರ್ಥದ ಹೇಳಿಕೆ ಕೊಟ್ಟರು. ಅತ್ತ ಪ್ರಗತಿಶೀಲ ಲೇಖಕರು, ಗಲಭೆಯ ಹೆಣಗಳ ಜೇಬು ಹುಡುಕಿ ಸರಕು ಮಾಡಿಕೊಂಡವನು ಎಂದು ಅವನನ್ನು ದೂರಿ ತಮ್ಮ ಪತ್ರಿಕೆಗಳಿಂದ ಹೊರಗಿಟ್ಟರು. ಅವರಿಗೆ ಬೇಕಾಗಿದ್ದವನು ವಕೀಲ. ಸರಿಯಾದ ಪಕ್ಷವನ್ನು ಹಿಡಿದು, ಆಶಾಭಾವ ತುಂಬಿ, ಮುಂದಿನ ದಾರಿ ತೋರಿಸುವವನು. ವಕೀಲನೂ ಗೌರವದ ಕೆಲಸವನ್ನೇ ಮಾಡುತ್ತಾನೆ. ಆದರೆ ಸಾಕ್ಷಿಯ ಬಾಯಿಂದ ವಕೀಲನ ಮಾತು ಹೊರಟರೆ ಅವನ ಸಾಕ್ಷ್ಯಕ್ಕೆ ಬೆಲೆ ಉಳಿಯುವುದಿಲ್ಲ. ಸರಕಾರ ಮತ್ತು ಸರಕಾರದ ವಿರೋಧಿಗಳು ಇಬ್ಬರೂ ಒಬ್ಬನನ್ನೇ ಏಕೆ ಸಹಿಸಲಿಲ್ಲ ಎಂಬುದಕ್ಕೆ ಕಾರಣ ಇಲ್ಲೇ ಇದೆ.

ಕತೆ ಕಟ್ಟಿದ್ದು, ಸಾಕ್ಷ್ಯ ಕಂಡದ್ದು. ಕಟ್ಟಿದ್ದನ್ನು ಸಾಕ್ಷ್ಯ ಎನ್ನುವುದು ಹೇಗೆ ಎಂದು ಕೇಳಬಹುದು. ಸಿರಾಜುದ್ದೀನ್ ಎಂಬ ಮುದುಕ ಯಾವ ದಾಖಲೆಯಲ್ಲೂ ಇಲ್ಲದಿರಬಹುದು, ನಿಜ. ಆದರೆ ಕತೆಗಾರ ಪ್ರಮಾಣ ಮಾಡಿ ಹೇಳುವುದು ಇಂಥ ದಿನ ಇಂಥಲ್ಲಿ ಹೀಗಾಯಿತು ಎಂದಲ್ಲ. ಮನುಷ್ಯನಿಂದ ಇದು ಆಗುತ್ತದೆ, ನಮ್ಮಿಂದ ಆಗಿದೆ ಎಂದು. ಪುಣ್ಯಕೋಟಿ ಎಂಬ ಹಸು ಇತ್ತೇ ಎಂದು ಕೇಳದೆ ನಾಡೆಲ್ಲ ಆ ಹಾಡನ್ನು ಸತ್ಯದ ಹಾಡೆಂದು ಒಪ್ಪಿದ್ದು ಈ ಅರ್ಥದಲ್ಲೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಹಾಭಾರತದ ಕರ್ಣಪರ್ವದಲ್ಲಿದೆ. ಕೌಶಿಕನೆಂಬ ತಪಸ್ವಿ ಸದಾ ಸತ್ಯವನ್ನೇ ನುಡಿಯುವ ವ್ರತ ಹಿಡಿದವನು. ಕಳ್ಳರಿಗೆ ಹೆದರಿ ಕಾಡಿನಲ್ಲಿ ಅಡಗಿದ ಜನ ಎಲ್ಲಿದ್ದಾರೆಂದು ಆ ಕಳ್ಳರೇ ಬಂದು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ; ಕಳ್ಳರು ಅವರನ್ನು ಕೊಂದರು; ಕೌಶಿಕ ನರಕಕ್ಕೆ ಹೋದ. ಕೃಷ್ಣ ಅರ್ಜುನನಿಗೆ ಹೇಳುವ ಈ ಕತೆ, ಸತ್ಯವೆಂಬ ಒಂದೇ ಕಾರಣಕ್ಕೆ ಎಲ್ಲ ಸತ್ಯವನ್ನೂ ಆಡುವುದು ಧರ್ಮವಲ್ಲ ಎಂದು ಎಚ್ಚರಿಸುತ್ತದೆ. ಗಾಯ ಹಸಿಯಾಗಿದ್ದಾಗ ಗಾಯವನ್ನು ಕೆದಕುವ ಕತೆಗಳಿಂದ ಮತ್ತೆ ದ್ವೇಷ ಕೆರಳುವುದಿಲ್ಲವೇ ಎಂದು ಮಂಟೋನ ಕಾಲದವರೂ ಕೇಳಿದ್ದರೆ ಅದು ಕೆಟ್ಟ ಪ್ರಶ್ನೆಯಾಗುತ್ತಿರಲಿಲ್ಲ. ಆದರೆ ಕೌಶಿಕನ ಪಾಪ ಎಲ್ಲಿದೆ ಎಂದು ನೋಡಬೇಕು. ಅವನು ಅಡಗಿದವರ ಗುಟ್ಟನ್ನು ಆಯುಧ ಹಿಡಿದವರಿಗೆ ಕೊಟ್ಟ. ಮಂಟೋನ ಸತ್ಯ ಹರಿಯುವ ದಿಕ್ಕು ಅದಕ್ಕೆ ಪೂರ್ತಿ ತಿರುಗುಮುರುಗು. ಆಯುಧ ಹಿಡಿದವರು ಬಚ್ಚಿಟ್ಟದ್ದನ್ನು ಅವನು ಹೊರಗೆ ತಂದ. ಅವನ ಕತೆ ಓದಿ ಯಾರಾದರೂ ಪಕ್ಕದ ಮನೆಯವನನ್ನು ಹುಡುಕಿಕೊಂಡು ಹೊರಡುವುದು ಸಾಧ್ಯವಿಲ್ಲ, ಏಕೆಂದರೆ ಓದಿ ಮುಗಿಸಿದವನಿಗೆ ಅಪರಾಧಿ ತನ್ನ ಮನೆಯೊಳಗೇ ಕಾಣಿಸುತ್ತಾನೆ.

ಆದರೂ ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಕೀನಾ 'ಖೋಲ್ ದೋ' ಕತೆಯ ಕೊನೆಯಲ್ಲಿ ಒಂದು ಮಾತೂ ಆಡುವುದಿಲ್ಲ. 'ಠಂಡಾ ಗೋಶ್ತ್' ಕತೆಯ ಹುಡುಗಿಗೆ ಹೆಸರೂ ಇಲ್ಲ. ಕೊಂದವನ ಆತ್ಮ ಎಚ್ಚರಗೊಳ್ಳಲು ಅವಳು ಹೆಣವಾಗಬೇಕಾಯಿತು. ಹೆಣ್ಣಿನ ಮೈಮೇಲೆ ನಡೆದ ಪಾಪವನ್ನು ಗಂಡಿನ ನೋಟದಿಂದ, ತಂದೆಯ ಕೂಗಿನಿಂದ, ವೈದ್ಯನ ಬೆವರಿನಿಂದ, ಕೊಲೆಗಾರನ ತಪ್ಪೊಪ್ಪಿಗೆಯಿಂದ ಮಾತ್ರ ಹೇಳಿದ ಸಾಕ್ಷಿ ಅರ್ಧ ಸಾಕ್ಷಿಯಲ್ಲವೇ? 'ಹತಕ್' ಕತೆಯ ಸುಗಂಧಿಯನ್ನು ಮುಂದಿಟ್ಟು ಇಲ್ಲವೆನ್ನಬಹುದು. ತನ್ನನ್ನು ಒಂದು ಉಸಿರಿನಲ್ಲಿ ತಳ್ಳಿಹಾಕಿದ ಸೇಠನಿಂದ ಆದ ಅವಮಾನ ಅವಳೊಳಗೆ ಕುದಿಯುವ ಬಗೆ, ಕೊನೆಗೆ ಅವಳು ಗೋಡೆಯ ಮೇಲಿನ ಗಂಡಸರ ಪಟಗಳನ್ನು ಕಿತ್ತೆಸೆಯುವ ಬಗೆ, ಎಲ್ಲವೂ ಅವಳ ಒಳಗಿನಿಂದಲೇ ಬಂದದ್ದು. ಆದರೆ ಸುಗಂಧಿಯನ್ನು ಬರೆಯಬಲ್ಲವನು ಸಕೀನಾಳ ಒಳಗೆ ಹೋಗಲಿಲ್ಲ ಎಂಬ ಮಾತು ಉಳಿದೇ ಉಳಿಯುತ್ತದೆ. ಅಲ್ಲಿ ಹೋಗುವ ಅಧಿಕಾರ ತನಗಿಲ್ಲ ಎಂದು ಬಾಗಿಲಲ್ಲೇ ನಿಂತ ಎಂದು ಓದಲು ನನಗೆ ಮನಸ್ಸಿದೆ. ಅದು ನನ್ನ ಗೌರವದ ಓದು, ಕತೆ ಅದನ್ನು ಸಾಬೀತು ಮಾಡುವುದಿಲ್ಲ.

ಇನ್ನು ಬದುಕಿನ ಮಾತು. ರಾಜಿಯಾಗದವನು ಎನ್ನುತ್ತೀರಿ, ಅವನು ಸಿನಿಮಾಕ್ಕೆ ದುಡ್ಡಿಗಾಗಿ ಬರೆದ, ರೇಡಿಯೋಗೆ ಸಂಬಳಕ್ಕಾಗಿ ಬರೆದ, ಕೊನೆಗಾಲದಲ್ಲಿ ಬಾಟಲಿಯ ಬೆಲೆಗಾಗಿ ದಿನಕ್ಕೊಂದು ಕತೆ ಗೀಚಿಕೊಟ್ಟ, ಅವುಗಳಲ್ಲಿ ಎಷ್ಟೋ ಕಳಪೆ ಎಂಬ ಮಾತಿದೆ. ಅದೆಲ್ಲ ನಿಜ. ಹೊಟ್ಟೆಗಾಗಿ ಬರೆಯುವುದನ್ನು ಮಂಟೋ ಎಂದೂ ಮರೆಮಾಚಲಿಲ್ಲ, ಅದರಲ್ಲಿ ಅವನಿಗೆ ಪಾಪವೇನೂ ಕಾಣಲಿಲ್ಲ. ಬರೆದದ್ದನ್ನು ಇನ್ನೊಬ್ಬರು ತಮಗೆ ಬೇಕಾದಂತೆ ತಿದ್ದುವುದು ಮಾತ್ರ ಅವನಿಗೆ ಆಗದ ಮಾತು. ದೆಹಲಿಯ ರೇಡಿಯೋ ಕೆಲಸವನ್ನು ಅವನು 1942ರಲ್ಲಿ ಬಿಟ್ಟು ಹೊರಟದ್ದು ತನ್ನ ನಾಟಕವೊಂದಕ್ಕೆ ಬೇರೆಯವರು ಕೈ ಹಚ್ಚಿದರು ಎಂಬ ಕಾರಣಕ್ಕೆ. ಲಾಹೋರಿನಲ್ಲಿ ಅಮೆರಿಕದ ಕಚೇರಿಯವರು ಒಂದು ಬರಹಕ್ಕೆ 500 ರೂಪಾಯಿ ಕೊಡುತ್ತೇವೆಂದು ಬಂದಾಗ ಅವನು 200 ಸಾಕೆಂದು ಚೌಕಾಸಿ ಮಾಡಿ, 300ಕ್ಕೆ ಒಪ್ಪಿ, ತನಗೆ ತೋಚಿದ್ದನ್ನೇ ಬರೆಯುವೆನೆಂದ ಪ್ರಸಂಗವನ್ನು 'ಚಾಚಾ ಸ್ಯಾಮ್'ಗೆ ಬರೆದ ಪತ್ರಗಳಲ್ಲಿ ಅವನೇ ಹೇಳಿಕೊಂಡಿದ್ದಾನೆ. ಸಾಕ್ಷಿಗೆ ದಾರಿಖರ್ಚು ಕೊಡಬಹುದು, ಸಾಕ್ಷ್ಯಕ್ಕೆ ಬೆಲೆ ಕಟ್ಟಬಾರದು. ಕೋರ್ಟಿನ ಈ ನಿಯಮವನ್ನು ಅವನು ತನ್ನ ಕಸುಬಿಗೂ ಹಚ್ಚಿಕೊಂಡಿದ್ದ. ಕುಡಿತದ ವಿಷಯ ಬೇರೆ. ನಾವು ಮಾಡುವ ದೊಡ್ಡ ತಪ್ಪು ಇದು: ಕುಡಿತವನ್ನೂ ಸಾವನ್ನೂ ಅವನ ನಿಷ್ಠೆಯ ಲೆಕ್ಕಕ್ಕೆ ಬರೆದು, ಕಲೆಗಾಗಿ ಸುಟ್ಟುಕೊಂಡ ಎಂದು ಹಾಡುವುದು. ಸುಟ್ಟದ್ದು ಯಕೃತ್ತು. ಬೆಂದವರು ಹೆಂಡತಿ ಸಫಿಯಾ ಮತ್ತು ಮೂವರು ಚಿಕ್ಕ ಹೆಣ್ಣುಮಕ್ಕಳು. 'ಟೋಬಾ ಟೇಕ್ ಸಿಂಗ್' ಕತೆ ಬರೆಯಲು ಕುಡಿಯಬೇಕಾಗಿರಲಿಲ್ಲ, ಕುಡಿದವರೆಲ್ಲ ಅದನ್ನು ಬರೆಯಲಿಲ್ಲ. ಶಹಾದತ್ ಎಂಬ ಪದದ ಎರಡು ಅರ್ಥಗಳಲ್ಲಿ ಮೊದಲನೆಯದು ಮಾತ್ರ ಮಂಟೋನಿಗೆ ಸಲ್ಲಬೇಕು. ಅವನ ಸಾವನ್ನು ಪ್ರಾಣಾರ್ಪಣೆ ಮಾಡಿದರೆ ಸಫಿಯಾ ಅವರ ನೋವನ್ನು ನಾವು ಸಾಕ್ಷ್ಯದಿಂದ ಅಳಿಸಿಹಾಕಿದಂತೆ.

ಸತ್ತವರನ್ನು ಹೀಗೆ ಸಂತರನ್ನಾಗಿ ಮಾಡುವುದನ್ನು ಮಂಟೋ ಸ್ವತಃ ದ್ವೇಷಿಸುತ್ತಿದ್ದ. 1952ರಲ್ಲಿ ಬಂದ ಅವನ ವ್ಯಕ್ತಿಚಿತ್ರಗಳ ಪುಸ್ತಕದ ಹೆಸರೇ 'ಗಂಜೇ ಫರಿಶ್ತೇ', ಬೋಳು ದೇವದೂತರು. ಸತ್ತ ಕೂಡಲೇ ಮನುಷ್ಯನ ನಡತೆಯನ್ನು ಅಗಸರ ಮನೆಗೆ ಕಳಿಸಿ ಬೆಳ್ಳಗೆ ಒಗೆಸಿ ತಂದು, ದೇವರ ಕೃಪೆಯ ಗೂಟಕ್ಕೆ ನೇತುಹಾಕುವ ಸಮಾಜದ ಬಗ್ಗೆ ಅಲ್ಲಿ ಅವನಿಗೆ ಕಡುಕೋಪವಿದೆ. ಆ ಪುಸ್ತಕದಲ್ಲಿ ಬಾರಿ ಸಾಹೇಬರೂ ಇದ್ದಾರೆ. ಜೂಜಿನ ಅಡ್ಡೆಯಿಂದ ಎತ್ತಿ ತಂದ ಗುರು, ಹ್ಯೂಗೋನನ್ನು ಕೈಗಿತ್ತ ಗುರು, ಇಲ್ಲದಿದ್ದರೆ ತಾನು ಎಲ್ಲೋ ಜೈಲಿನಲ್ಲಿರುತ್ತಿದ್ದೆ ಎಂದು ಮಂಟೋ ಕೃತಜ್ಞತೆಯಿಂದ ನೆನೆದವರು. ಅದೇ ಚಿತ್ರದಲ್ಲಿ ಅವರು ಅಂಜುಬುರುಕರಾಗಿದ್ದರು ಎಂದೂ ಬರೆದಿದ್ದಾನೆ. ಕ್ರಾಂತಿಯ ಮಾತನಾಡುತ್ತಿದ್ದವರು ಕೊನೆಗೆ ಬ್ರಿಟಿಷ್ ಕಚೇರಿಯೊಂದರಲ್ಲಿ ನೌಕರಿಗೆ ಸೇರಿದ್ದನ್ನು ಬಚ್ಚಿಡಲಿಲ್ಲ. ಓದುವಾಗ ಎದೆ ಹಿಂಡುತ್ತದೆ, ಏಕೆಂದರೆ ಪ್ರೀತಿ ಒಂದು ಚೂರೂ ಕಡಿಮೆಯಾಗಿಲ್ಲ, ಸತ್ಯವೂ ಕಡಿಮೆಯಾಗಿಲ್ಲ. ಹೆತ್ತವರ ವಿರುದ್ಧವೂ ಎಂಬ ಆಜ್ಞೆಯನ್ನು ಇಷ್ಟು ನೇರವಾಗಿ ಪಾಲಿಸಿದ ಬರಹ ನನಗೆ ಬೇರೆ ಗೊತ್ತಿಲ್ಲ. ನಿಮಗೇ ವಿರುದ್ಧವಾದರೂ ಎಂಬ ಮಾತು ಉಳಿಯಿತಲ್ಲ, 786ರ ಪ್ರಸ್ತಾಪ ಬರುವ ಆ ಲೇಖನ ಅದೇ. ಅಲ್ಲಿ ಸಾದತ್ ಹಸನ್ ಎಂಬವನು ಮಂಟೋ ಎಂಬವನ ಮೇಲೆ ಸುಳ್ಳುಗಾರ, ಕಳ್ಳ ಎಂಬ ದೂರುಗಳನ್ನು ಒಂದೊಂದಾಗಿ ಹೊರಿಸುತ್ತಾನೆ. ಹೀಗೆ ನೋಡಿದಾಗ ಕಾಗದದ ಮೇಲಿನ ಈಮಾನು ಅಂದರೆ ಏನೆಂಬುದಕ್ಕೆ ಉತ್ತರ ಸಿಗುತ್ತದೆ. ಬದುಕಿನಲ್ಲಿ ಅವನು ಎಷ್ಟೋ ಕಡೆ ಜಾರಿದ, ಮಾತಿಗೆ ತಪ್ಪಿದ. ಹಾಳೆಯ ಮೇಲೆ ಆ ಅಂಕಿ ಬಿದ್ದ ಮೇಲೆ ಮಾತ್ರ ಅವನು ಪ್ರಮಾಣ ಮಾಡಿದವನು. ದೇವರಿದ್ದಾನೆಯೇ ಎಂಬುದು ಅವನಿಗೆ ನಿಶ್ಚಯವಿರಲಿಲ್ಲ; ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ಆದ್ದರಿಂದ ಸುಳ್ಳು ಹೇಳಬಾರದು ಎಂಬುದು ನಿಶ್ಚಯವಿತ್ತು. ಆಸ್ತಿಕತೆಯ ತಿರುಳು ಇದಕ್ಕಿಂತ ಬಹಳ ದೂರವಿದೆಯೆಂದು ನನಗೆ ತೋರುವುದಿಲ್ಲ.

ಧರ್ಮಿಷ್ಠರು ಇಲ್ಲಿ ತಡೆಯಬಹುದು. 1954ರ ಆಗಸ್ಟ್ 18ರಂದು, ಸಾಯಲು ಸರಿಯಾಗಿ ಐದು ತಿಂಗಳಿದ್ದಾಗ, ಮಂಟೋ ತನ್ನ ಗೋರಿಯ ಮೇಲಿನ ಬರಹವನ್ನು ತಾನೇ ಬರೆದಿಟ್ಟ. ಅದರ ನೆತ್ತಿಯಲ್ಲೂ 786 ಇತ್ತು. ಕತೆಗಾರಿಕೆಯ ಗುಟ್ಟುಗಳೆಲ್ಲ ತನ್ನೊಡನೆ ಹೂತುಹೋಗಿವೆ, ಮಣಗಟ್ಟಲೆ ಮಣ್ಣಿನಡಿ ಮಲಗಿ ಅವನು ಯೋಚಿಸುತ್ತಿದ್ದಾನೆ, ದೊಡ್ಡ ಕತೆಗಾರ ತಾನೋ ದೇವರೋ ಎಂದು, ಇದು ಅದರ ಸಾರ. ನಂಬಿದವನು ಆಡುವ ಮಾತೇ ಇದು? ಇಸ್ಲಾಮಿನಲ್ಲಿ ಈ ಪ್ರಶ್ನೆಗೆ ಹಳೆಯ ಬೇರಿದೆ. ದೇವರ ತೊಂಬತ್ತೊಂಬತ್ತು ಹೆಸರುಗಳಲ್ಲಿ ಒಂದು ಅಲ್-ಮುಸವ್ವಿರ್, ರೂಪ ಕೊಡುವವನು. ಚಿತ್ರ ಬರೆದವರಿಗೆ ಕಡೆಯ ತೀರ್ಪಿನ ದಿನ, ನೀವು ಮಾಡಿದ್ದಕ್ಕೆ ಜೀವ ತುಂಬಿ ಎಂದು ಆಜ್ಞೆಯಾಗುತ್ತದೆ ಎಂಬ ಹದೀಸೂ ಇದೆ. ಮುಂಬಯಿಯಲ್ಲಿ ಮಂಟೋ ಸಂಪಾದಿಸುತ್ತಿದ್ದ ವಾರಪತ್ರಿಕೆಯ ಹೆಸರು 'ಮುಸವ್ವಿರ್' ಆಗಿತ್ತು. ರೂಪ ಕೊಡುವ ಕಸುಬಿನವನು ಆ ಕಸುಬಿನ ಮೂಲಪುರುಷನ ಜೊತೆ ತಕ್ಕಡಿ ಹಿಡಿಯುವುದು ನಿಂದೆಯಂತೆ ಕಂಡರೂ, ಇಲ್ಲದವನ ಜೊತೆ ಯಾರೂ ತಕ್ಕಡಿ ಹಿಡಿಯುವುದಿಲ್ಲ. ನಮ್ಮ ದಾಸರೂ ಶರಣರೂ ದೇವರನ್ನು ಜಗಳಕ್ಕೆ ಎಳೆದದ್ದನ್ನು ನಾವು ನಿಂದಾಸ್ತುತಿ ಎಂದು ಕರೆದು ಭಕ್ತಿಯ ಲೆಕ್ಕಕ್ಕೇ ಬರೆದುಕೊಂಡಿದ್ದೇವೆ. ಮಂಟೋನನ್ನು ಭಕ್ತನೆಂದು ಕರೆಯುವುದು ಅವನಿಗೂ ಭಕ್ತರಿಗೂ ಅನ್ಯಾಯ. ಅವನು ಕೇಳಿದ್ದು ಪ್ರಶ್ನೆ, ಘೋಷಿಸಿದ್ದಲ್ಲ ಎಂಬುದನ್ನಾದರೂ ಗಮನಿಸಬೇಕು. ಮನುಷ್ಯರನ್ನು ಹೀಗೆ ಕೊಲ್ಲುವಂತೆ ಕಟ್ಟಿದ ಕತೆಗಾರ ದೊಡ್ಡವನೋ, ಆ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದವನು ದೊಡ್ಡವನೋ ಎಂಬ ಪ್ರಶ್ನೆಯಲ್ಲಿ ಗರ್ವಕ್ಕಿಂತ ದೂರು ಹೆಚ್ಚಿದೆ.

ಆ ಬರಹ ಗೋರಿಯನ್ನು ಏರಲಿಲ್ಲ. ಧರ್ಮಿಷ್ಠರು ಕೆರಳಬಹುದೆಂಬ ಅಂಜಿಕೆಯಿಂದ ಮನೆಯವರು ಬೇರೆ ವಾಕ್ಯವನ್ನು ಕೆತ್ತಿಸಿದರು. ಲಾಹೋರಿನ ಮಿಯಾನಿ ಸಾಹಿಬ್ ಗೋರಿಸ್ಥಾನದಲ್ಲಿ ಈಗಿರುವ ಕಲ್ಲು, ಲೋಕದ ಹಲಗೆಯ ಮೇಲೆ ತನ್ನ ಹೆಸರು ಎರಡನೆಯ ಸಲ ಬರೆದ ಅಕ್ಷರವಲ್ಲ ಎಂದು ಈಗಲೂ ನಂಬಿರುವ ಮಂಟೋ ಇಲ್ಲಿದ್ದಾನೆ ಎಂಬರ್ಥದ ಮಾತನ್ನು ಹೇಳುತ್ತದೆ. ಮರುಕಳಿಸಿದ ಅಕ್ಷರವನ್ನು ಲಿಪಿಕಾರ ಅಳಿಸಿಬಿಡುತ್ತಾನೆ. ನಾನು ಅಂಥ ಅಕ್ಷರವಲ್ಲ, ದೇವರೇ, ಕಾಲ ನನ್ನನ್ನೇಕೆ ಅಳಿಸುತ್ತಿದೆ ಎಂಬ ಭಾವ. ಆ ಭಾವ ಮಂಟೋನದಲ್ಲ, ಅವನಿಗಿಂತ ಒಂದು ಶತಮಾನ ಹಿಂದೆ ಹಾಡಿದ ಮಿರ್ಜಾ ಗಾಲಿಬನದು. ಜೂಜಾಡಿದ್ದಕ್ಕಾಗಿ 1847ರಲ್ಲಿ ಸೆರೆಗೆ ಹೋದ ಕವಿ, ಮಂಟೋ ಬದುಕಿಡೀ ಪ್ರೀತಿಸಿದ ಕವಿ. ಅವನನ್ನು ಕುರಿತು ಮಂಟೋ ಬರೆದ ಕತೆಯನ್ನು ಸೊಹ್ರಾಬ್ ಮೋದಿ 1954ರಲ್ಲಿ ಸಿನಿಮಾ ಮಾಡಿದ್ದರು. ನಾನು ಯಾರ ನಕಲೂ ಅಲ್ಲ ಎಂದು ಹೇಳಲು ಆ ಕಲ್ಲಿಗೆ ಗಾಲಿಬನ ಸಾಲೇ ಬೇಕಾಯಿತು.